ಕೊನೆಯವರು ಬರುವ ತನಕ



ಹೋದ ತಿಂಗಳ ಕರ್ತನ ಭೋಜನದ ಭಾನುವಾರ ನಮ್ಮ ಸಭೆಯಲ್ಲಿ ಒಂದು ಸಂಗತಿಯನ್ನು ಕಂಡೆವು. ಪ್ರಸಂಗ ಮುಗಿಯಿತು, ಕಾಣಿಕೆ ಎತ್ತಿದ್ದಾಯಿತು. ಮೇಜಿನ ಮೇಲಿನ ಬಿಳಿ ಬಟ್ಟೆಯನ್ನು ಸರಿಸಲು ಅಯ್ಯನವರು ಕೈ ಚಾಚಿದರು. ಅಷ್ಟರಲ್ಲಿ ಹಿಂದಿನ ಚಾಪೆಗಳಿಂದ ಒಬ್ಬೊಬ್ಬರಾಗಿ ಏಳತೊಡಗಿದರು. ಮಕ್ಕಳನ್ನು ಎತ್ತಿಕೊಂಡ ತಾಯಂದಿರು, ಸೆರಗು ಹೊದ್ದ ಅಜ್ಜಿಯರು, ಮೊದಲಿನಿಂದಲೂ ಬಾಗಿಲ ಹತ್ತಿರವೇ ನಿಂತಿದ್ದ ಗಂಡಸರು, ಎಲ್ಲರೂ ಶಬ್ದ ಮಾಡದೆ ಹೊರಗೆ ನಡೆದರು. ಒಳಗೆ ಉಳಿದವರನ್ನು ನಾವು ಎಣಿಸಿದೆವು. ಆರಾಧನೆಯ ಹೊತ್ತಿನಲ್ಲಿ ತಲೆ ಎಣಿಸುವುದು ರೈಟರರ ಅಭ್ಯಾಸ, ನಮಗೆ ಅದು ತಕ್ಕದ್ದಲ್ಲ, ಆದರೂ ಎಣಿಸಿದೆವು. ಬಂದವರಲ್ಲಿ ಅರ್ಧದಷ್ಟು ಜನವೂ ಉಳಿದಿರಲಿಲ್ಲ.

ಆರಾಧನೆ ಮುಗಿದ ಮೇಲೆ ನೀರಿನ ಟ್ಯಾಂಕಿನ ಹತ್ತಿರ ನಿಂತಿದ್ದ ಒಬ್ಬ ಅಕ್ಕನನ್ನು, ಯಾಕಕ್ಕಾ ಎದ್ದು ಹೋದಿರಿ ಎಂದು ಕೇಳಿದೆವು. "ನಮ್ಮಂಥವರು ಅದನ್ನ ಮುಟ್ಟಬಾರದು ಅಣ್ಣಾ. ಯೋಗ್ಯತೆ ಇಲ್ಲದೆ ತಿಂದ್ರೆ ಶಿಕ್ಷೆ ಅಂತ ಸತ್ಯವೇದದಲ್ಲೇ ಇದೆಯಲ್ಲಾ" ಎಂದರು. ಆಮೇಲೆ ಬೆರಳು ಮಡಿಸಿ ಕಾರಣಗಳನ್ನು ಹೇಳಿದರು. ನಲ್ಲಿಯ ಹತ್ತಿರ ಪಕ್ಕದ ಮನೆಯವರ ಜೊತೆ ಜಗಳವಾಗಿ ಮಾತು ಬಿಟ್ಟಿದೆ. ಯಜಮಾನರು ಶನಿವಾರ ಕುಡಿದು ಬಂದಿದ್ದರು. ಬೆಳಿಗ್ಗೆ ನೀರು ಬಾರದೆ ಸ್ನಾನವಾಗಿಲ್ಲ. ಸಭೆಯ ಚಂದಾ ಮೂರು ತಿಂಗಳಿಂದ ಬಾಕಿ. "ಎಲ್ಲಾ ಸರಿಯಾದ ಮೇಲೆ ಬರ್ತೀನಿ" ಎಂದು ಹೇಳಿ ಹೊರಟುಹೋದರು.

ಈ ಸಾರಿಯ ಸಂಪಾದಕೀಯಕ್ಕೆ ಬೇರೆ ವಿಷಯ ಆಲೋಚಿಸಿದ್ದೆವು. ಆ ಅಕ್ಕನ ಮಾತು ಅದನ್ನು ಬದಿಗೆ ತಳ್ಳಿತು. ಎಲ್ಲಾ ಸರಿಯಾದ ಮೇಲೆ ದೇವರ ಹತ್ತಿರ ಹೋಗುವುದಾದರೆ ನಮ್ಮ ಲೈನುಗಳಲ್ಲಿ ಯಾರು ಯಾವಾಗ ಹೋಗಬೇಕು?

ಎಸ್ಟೇಟಿನಲ್ಲಿ ಹುಟ್ಟಿ ಬೆಳೆದ ನಮಗೆ ಈ ಮಾತಿನ ಬೇರು ಎಲ್ಲಿದೆ ಎಂಬುದು ಗೊತ್ತು. ದೊಡ್ಡವರ ಹತ್ತಿರ ಹೋಗುವ ಕ್ರಮವನ್ನು ನಮ್ಮ ಹಿರಿಯರು ಕಲಿತದ್ದು ಆಫೀಸಿನ ಮೆಟ್ಟಿಲ ಕೆಳಗೆ. ತಲೆಯ ಟವಲನ್ನು ತೆಗೆದು ಸೊಂಟಕ್ಕೆ ಸುತ್ತಬೇಕು, ಚಪ್ಪಲಿ ದೂರ ಬಿಡಬೇಕು, ಕರೆಯುವ ತನಕ ನಿಲ್ಲಬೇಕು. ರಜೆ ಬೇಕಾದರೂ ಮುಂಗಡ ಬೇಕಾದರೂ ಆಸ್ಪತ್ರೆಯ ಚೀಟಿ ಬೇಕಾದರೂ ನೇರವಾಗಿ ಬಾಯಿ ಬಿಡುವಂತಿರಲಿಲ್ಲ. ಮೇಸ್ತ್ರಿಯ ಬಾಯಿಂದಲೇ ಹೋಗಬೇಕು. ಮೇಸ್ತ್ರಿಯ ಮನಸ್ಸು ಕೆಟ್ಟಿದ್ದರೆ ದೊರೆಯ ಮನಸ್ಸು ಒಳ್ಳೆಯದಿದ್ದೂ ಪ್ರಯೋಜನವಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆಯನ್ನು ಅರ್ಥಮಾಡಿಕೊಳ್ಳಲು ನಮಗೆ ಯಾವ ಪಂಡಿತರೂ ಬೇಕಾಗಿರಲಿಲ್ಲ. 1951ರಲ್ಲಿ ಪ್ಲಾಂಟೇಶನ್ ಲೇಬರ್ ಆಕ್ಟ್ ಬಂತು. ಮನೆ, ಕುಡಿಯುವ ನೀರು, ಔಷಧೋಪಚಾರ, ಕೂಸುಗಳನ್ನು ನೋಡಿಕೊಳ್ಳುವ ಶಿಶುಗೃಹ ಎಲ್ಲವನ್ನೂ ಕೊಡಬೇಕೆಂದು ಕಾನೂನು ಹೇಳಿತು. ಕಾನೂನು ಪುಸ್ತಕದಲ್ಲಿತ್ತು; ಆಫೀಸಿನ ಮೆಟ್ಟಿಲು ಹತ್ತಿ ಕೇಳಲು ಕಾಲು ಬರಲಿಲ್ಲ. ಆ ಕಾಲಿಗೆ ಬಲ ಬರುವುದಕ್ಕೆ ಎಷ್ಟು ವರ್ಷ ಹಿಡಿಯಿತೆಂದು ಹಿರಿಯರನ್ನು ಕೇಳಿ ನೋಡಿರಿ.

ಅದೇ ಕಾಲಿನಲ್ಲಿ ನಾವು ದೇವಾಲಯಕ್ಕೂ ಬರುತ್ತೇವೆ. ಹೊರಗಿನ ಮೆಟ್ಟಿಲ ಬಳಿ ನಿಂತರೆ ಸಾಕು, ಒಳಗೆ ಬೇಕಾದವರು ಇದ್ದಾರೆ, ನಮ್ಮ ಅರ್ಜಿಯನ್ನು ಅವರು ಮುಟ್ಟಿಸುತ್ತಾರೆ ಎಂದುಕೊಳ್ಳುತ್ತೇವೆ.

ದೂರ ನಿಲ್ಲಿಸುವ ಕ್ರಮ ಸತ್ಯವೇದದಲ್ಲಿಯೂ ಇದೆಯಲ್ಲಾ ಎಂದು ಯಾರಾದರೂ ಕೇಳಬಹುದು. ಇದೆ. ಉರಿಯುವ ಪೊದೆಯ ಹತ್ತಿರ ಮೋಶೆ ಕೆರ ಬಿಚ್ಚಬೇಕಾಯಿತು. ದೇವದರ್ಶನದ ಗುಡಾರದೊಳಗೆ ನೀಲಿ, ನೇರಳೆ, ಕೆಂಪು ದಾರಗಳಿಂದ ನೇಯ್ದ ಒಂದು ತೆರೆ. ಅದರ ಆಚೆ ಮಹಾಪವಿತ್ರ ಸ್ಥಾನ. ಅಲ್ಲಿಗೆ ಮಹಾಯಾಜಕನೊಬ್ಬನೇ, ವರ್ಷಕ್ಕೆ ಒಂದೇ ದಿವಸ, ರಕ್ತವನ್ನು ತೆಗೆದುಕೊಂಡು ಹೋಗಬೇಕು (ಯಾಜಕಕಾಂಡ 16). ದೇವರು ಪರಿಶುದ್ಧನು, ಮನುಷ್ಯ ಪಾಪಿ, ಸುಲಭವಾಗಿ ಒಳನುಗ್ಗುವ ಜಾಗ ಇದಲ್ಲ ಎಂಬುದನ್ನು ಆ ತೆರೆ ಕಲಿಸಿತು. ಆ ಪಾಠ ಸುಳ್ಳಲ್ಲ. ಭಯಭಕ್ತಿ ಇಲ್ಲದ ಆರಾಧನೆ ಬರೀ ಗದ್ದಲ.

ಆದರೆ ದೇವರು ಹಾಕಿದ ಒಂದು ತೆರೆಗೆ ಮನುಷ್ಯರು ಗೋಡೆಗಳನ್ನು ಸೇರಿಸಿದರು. ಯೇಸುಸ್ವಾಮಿಯ ಕಾಲದ ಯೆರೂಸಲೇಮಿನ ದೇವಾಲಯದಲ್ಲಿ ಅನ್ಯಜನರಿಗೆ ಹೊರಗಿನ ಅಂಗಳ, ಅದರ ಆಚೆ ಹೆಂಗಸರು ನಿಲ್ಲಬೇಕಾದ ಎಲ್ಲೆ, ಆಮೇಲೆ ಇಸ್ರಾಯೇಲಿನ ಗಂಡಸರಿಗೆ, ಆಮೇಲೆ ಯಾಜಕರಿಗೆ ಎಂದು ಅಂಗಳದ ಮೇಲೆ ಅಂಗಳ. ಹೊರ ಅಂಗಳದ ಕೊನೆಯಲ್ಲಿ ಒಂದು ತಗ್ಗಿನ ಗೋಡೆ ಇತ್ತು. ಅದರಲ್ಲಿ ಕೂರಿಸಿದ್ದ ಕಲ್ಲುಗಳ ಪೈಕಿ ಒಂದು 1871ರಲ್ಲಿ ಯೆರೂಸಲೇಮಿನಲ್ಲಿ ಸಿಕ್ಕಿತು. ಈಗ ಅದು ಇಸ್ತಾಂಬುಲ್ ನಗರದ ವಸ್ತುಸಂಗ್ರಹಾಲಯದಲ್ಲಿದೆ. ಗ್ರೀಕ್ ಅಕ್ಷರಗಳಲ್ಲಿ ಅದರ ಮೇಲೆ ಕೆತ್ತಿರುವ ಮಾತಿನ ಅರ್ಥ ಇಷ್ಟು: ಅನ್ಯಜನಾಂಗದವನು ಈ ಗೋಡೆ ದಾಟಬಾರದು, ದಾಟಿ ಸಿಕ್ಕಿಬಿದ್ದರೆ ತನ್ನ ಸಾವಿಗೆ ತಾನೇ ಕಾರಣ. ಪೌಲನು ಎಫೆಸದ ತ್ರೊಫಿಮನನ್ನು ಇದರ ಒಳಗೆ ಕರೆದುಕೊಂಡು ಹೋದನೆಂಬ ಸಂಶಯದಿಂದಲೇ ಜನರು ಅವನನ್ನು ಹಿಡಿದು ಕೊಲ್ಲಲು ನೋಡಿದರು (ಅಪೊಸ್ತಲರ ಕೃತ್ಯಗಳು 21). ಕ್ರಿಸ್ತನು ನಡುಗೋಡೆಯನ್ನು ಕೆಡವಿದನೆಂದು ಎಫೆಸದವರಿಗೆ ಬರೆದ ಪತ್ರಿಕೆಯಲ್ಲಿ ಓದುವಾಗ ಅದು ಬರೀ ಅಲಂಕಾರದ ಮಾತಲ್ಲ ಎಂಬುದನ್ನು ನೆನಪಿಡಿರಿ. ಅಂಥ ಗೋಡೆ ಇತ್ತು. ಮುಟ್ಟಿ ನೋಡಬಹುದಾದ ಕಲ್ಲು ಇಂದಿಗೂ ಇದೆ.

ಯೇಸುಸ್ವಾಮಿ ಶಿಲುಬೆಯ ಮೇಲೆ ಪ್ರಾಣಬಿಟ್ಟ ಗಳಿಗೆಯಲ್ಲಿ ದೇವಾಲಯದ ತೆರೆ ಹರಿದು ಎರಡು ಭಾಗವಾಯಿತು. ಮೇಲಿನಿಂದ ಕೆಳಗಿನ ತನಕ ಹರಿಯಿತೆಂದು ಮತ್ತಾಯನು ಬರೆಯುತ್ತಾನೆ. ಕೆಳಗೆ ನಿಂತ ಮನುಷ್ಯ ಹರಿದಿದ್ದರೆ ಕೆಳಗಿನಿಂದ ಹರಿಯಬೇಕಾಗಿತ್ತು. ಹಾಕಿದವನೇ ತೆಗೆದನು.

ಇಬ್ರಿಯರಿಗೆ ಬರೆದ ಪತ್ರಿಕೆ ಇದರ ಮೇಲೆಯೇ ನಿಂತಿದೆ. ನಮಗೊಬ್ಬ ಮಹಾಯಾಜಕನಿದ್ದಾನೆ, ಅವನು ನಮ್ಮ ಬಲಹೀನತೆಗಳನ್ನು ತಾನೇ ಅನುಭವಿಸಿದವನು, ಆದುದರಿಂದ ಧೈರ್ಯವಾಗಿ ಕೃಪಾಸನದ ಮುಂದೆ ಬರೋಣ ಎಂದು 4ನೆಯ ಅಧ್ಯಾಯದಲ್ಲಿಯೂ 10ನೆಯ ಅಧ್ಯಾಯದಲ್ಲಿಯೂ ಕರೆಯುತ್ತದೆ. ಅಲ್ಲಿ ನಾವು 'ಧೈರ್ಯ' ಎಂದು ಓದುವ ಮಾತಿಗೆ ಮೂಲ ಗ್ರೀಕ್ ಭಾಷೆಯಲ್ಲಿ 'ಪರ್ರೇಸಿಯ' ಎಂಬ ಶಬ್ದವಿದೆ. ಊರಿನ ಸಭೆಯಲ್ಲಿ ಎದ್ದು ನಿಂತು ಮನಸ್ಸಿನಲ್ಲಿದ್ದದ್ದನ್ನು ಬಿಚ್ಚಿ ಹೇಳುವ ಸ್ವಾತಂತ್ರ್ಯಕ್ಕೆ ಗ್ರೀಕರು ಆ ಮಾತನ್ನು ಬಳಸುತ್ತಿದ್ದರು. ಆ ಹಕ್ಕು ಊರಿನ ಪೌರನಿಗೆ ಇತ್ತು, ಗುಲಾಮನಿಗೆ ಇರಲಿಲ್ಲ. ದೇವರ ಮುಂದೆ ಆ ಹಕ್ಕು ಗುಲಾಮನಿಗೂ ಉಂಟು ಎಂದು ಈ ಪತ್ರಿಕೆ ಬರೆದವನು ಹೇಳುತ್ತಿದ್ದಾನೆ. ಮೇಸ್ತ್ರಿಯ ಬಾಯಿಂದ ಹೋಗಬೇಕಾಗಿಲ್ಲ. ಮಧ್ಯಸ್ಥನು ಒಬ್ಬನೇ, ಅವನು ಬಡಗಿಯ ಮನೆಯಲ್ಲಿ ಬೆಳೆದವನು.

ಇನ್ನು ಆ ಅಕ್ಕನನ್ನು ಹೆದರಿಸಿದ ವಾಕ್ಯಕ್ಕೆ ಬರೋಣ. ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆ, 11ನೆಯ ಅಧ್ಯಾಯ. ನಮ್ಮಲ್ಲಿ ಅನೇಕರು ಇದನ್ನು 27ನೆಯ ವಚನದಿಂದ ಓದುತ್ತಾರೆ, ಪ್ರಸಂಗಗಳಲ್ಲಿಯೂ ಅಲ್ಲಿಂದಲೇ ಓದಿ ಹೇಳುತ್ತಾರೆ. ದಯವಿಟ್ಟು 17ರಿಂದ ಓದಿರಿ. ಬೇರೆಯೇ ಒಂದು ಚಿತ್ರ ಕಾಣುತ್ತದೆ.

ಕೊರಿಂಥವು ಬಂದರಿನ ವ್ಯಾಪಾರದ ಪಟ್ಟಣ. ಅಲ್ಲಿನ ಸಭೆಯಲ್ಲಿ ಕೆಲವರು ಉಳ್ಳವರು, ಬಹಳ ಜನ ಇಲ್ಲದವರು, ಗುಲಾಮರೂ ಇದ್ದರು. ಪೌಲನು ಅಲ್ಲಿದ್ದಾಗ ಗುಡಾರ ಹೊಲಿದು ಹೊಟ್ಟೆ ಹೊರೆದವನು. ಆ ಜನರ ದಿನಚರಿ ಅವನಿಗೆ ಗೊತ್ತು. ಆ ಕಾಲದಲ್ಲಿ ಭಾನುವಾರ ರಜೆ ಎಂಬುದಿಲ್ಲ. ಭಾನುವಾರ ಕೆಲಸ ನಿಲ್ಲಿಸಬೇಕೆಂದು ಕಾನ್‌ಸ್ಟಂಟೈನ್ ಚಕ್ರವರ್ತಿ ಕಾನೂನು ಮಾಡಿದ್ದು ಕ್ರಿ.ಶ. 321ರಲ್ಲಿ. (ಆ ಕಾನೂನು ಕೂಡ ಪಟ್ಟಣದವರಿಗೆ ರಜೆ ಕೊಟ್ಟು, ಹೊಲದಲ್ಲಿ ದುಡಿಯುವವರು ಕೆಲಸ ಮುಂದುವರಿಸಬಹುದು ಎಂದಿತು. ಸೀಸನ್ನಿನ ಭಾನುವಾರಗಳಲ್ಲಿ ಎಲೆ ಕೀಳುವ ನಮ್ಮ ಅಕ್ಕತಂಗಿಯರು ಇದನ್ನು ಕೇಳಿದರೆ ನಕ್ಕಾರು.) ಕ್ರಿ.ಶ. 112ರ ಸುಮಾರಿಗೆ ಪ್ಲೀನಿ ಎಂಬ ರೋಮನ್ ಅಧಿಕಾರಿ ಚಕ್ರವರ್ತಿಗೆ ಬರೆದ ಕಾಗದದಿಂದ ತಿಳಿಯುವುದೇನೆಂದರೆ, ಅವನ ಸೀಮೆಯ ಕ್ರೈಸ್ತರು ಗೊತ್ತಾದ ದಿನ ಬೆಳಕು ಹರಿಯುವ ಮೊದಲು ಕೂಡಿಕೊಳ್ಳುತ್ತಿದ್ದರು, ಊಟಕ್ಕೆ ಆಮೇಲೆ ಮತ್ತೆ ಸೇರುತ್ತಿದ್ದರು. ಆ ಸಭೆಯಲ್ಲಿ ಸೇವೆ ಮಾಡುತ್ತಿದ್ದ ಇಬ್ಬರು ಗುಲಾಮ ಹೆಂಗಸರನ್ನು ಹಿಂಸಿಸಿ ವಿಚಾರಣೆ ಮಾಡಿದೆನೆಂದೂ ಅವನೇ ಬರೆದಿದ್ದಾನೆ. ಮಸ್ಟರಿಗೆ ಮೊದಲು ಪ್ರಾರ್ಥನೆ, ಕೆಲಸ ಬಿಟ್ಟ ಮೇಲೆ ಊಟ: ನಮಗೆ ಇದು ಪರಕೀಯವಲ್ಲ.

ಕೊರಿಂಥದಲ್ಲಿ ಏನಾಯಿತು? ಕೈಯಲ್ಲಿ ಹಣವೂ ಹೊತ್ತೂ ಇದ್ದವರು ಬೇಗ ಬಂದರು. ತಾವು ತಂದದ್ದನ್ನು ತಾವೇ ಉಂಡರು, ಕುಡಿದು ಅಮಲೇರಿದರು. ದುಡಿದು ಬರಬೇಕಾದವರು ಹೊತ್ತು ಮೀರಿ ಬಂದಾಗ ಪಾತ್ರೆ ಖಾಲಿ. ಒಬ್ಬನು ಹಸಿದಿದ್ದಾನೆ, ಮತ್ತೊಬ್ಬನು ಅಮಲಿನಲ್ಲಿದ್ದಾನೆ ಎಂದು ಪೌಲನು ಬರೆಯುತ್ತಾನೆ. ಇಲ್ಲದವರನ್ನು ನಾಚಿಕೆಪಡಿಸುತ್ತೀರೋ ಎಂದು ಕೋಪದಿಂದ ಕೇಳುತ್ತಾನೆ. ಅಯೋಗ್ಯವಾದ ರೀತಿಯಲ್ಲಿ ತಿನ್ನುವುದರ ವಿಷಯ ಬರುವುದು ಇದಾದ ಮೇಲೆ. ಯಾರ ಮೇಲೆ ಬಂದ ಮಾತು ಅದು? ತಡವಾಗಿ ಬಂದ ಕೂಲಿಯವಳ ಮೇಲೆ ಅಲ್ಲ. ಅವಳನ್ನು ಬಿಟ್ಟು ಉಂಡವರ ಮೇಲೆ. ಅಧ್ಯಾಯದ ಕೊನೆಗೆ ಅವನು ಕೊಡುವ ಬುದ್ಧಿವಾದವೂ ಇದೇ: ಕೂಡಿಬಂದಾಗ ಒಬ್ಬರಿಗೋಸ್ಕರ ಒಬ್ಬರು ಕಾದುಕೊಂಡಿರಿ. ಕರ್ತನ ದೇಹವೆಂದು ವಿವೇಚಿಸಬೇಕು ಎಂದು ಅವನು ಹೇಳುವಾಗ ರೊಟ್ಟಿಯ ಜೊತೆಗೆ ಪಕ್ಕದಲ್ಲಿ ಕುಳಿತಿರುವವರನ್ನೂ ನೋಡು ಎನ್ನುತ್ತಿದ್ದಾನೆಂದು ನಾವು ತಿಳಿಯುತ್ತೇವೆ. ಮುಂದಿನ ಅಧ್ಯಾಯವೆಲ್ಲಾ ಸಭೆಯೇ ಕ್ರಿಸ್ತನ ದೇಹವೆಂಬ ಮಾತೇ ಆಗಿದೆ.

ಹಾಗಾದರೆ ನಮ್ಮಲ್ಲಿ ನಡೆದಿರುವುದನ್ನು ನೋಡಿರಿ. ತಡವಾಗಿ ಬಂದವಳನ್ನು ಕಾಪಾಡುವುದಕ್ಕೆ ಬರೆದ ವಾಕ್ಯವನ್ನೇ ಹಿಡಿದು, ತಡವಾಗಿ ಬಂದವಳನ್ನು ಹೊರಗಟ್ಟಿದ್ದೇವೆ. ಕೋಲನ್ನು ಎತ್ತಿದವರು ಬೇರೆ ಯಾರೂ ಅಲ್ಲ. ಆ ಪ್ರಸಂಗಗಳನ್ನು ಮಾಡಿದವರಲ್ಲಿ ನಾವೂ ಇದ್ದೇವೆ. ಪ್ರತಿಯೊಬ್ಬನು ತನ್ನನ್ನು ಪರೀಕ್ಷಿಸಿಕೊಳ್ಳಲಿ ಎಂಬ ವಚನ ನಿಜ. ಆದರೆ ಪರೀಕ್ಷಿಸಿಕೊಂಡು ಮನೆಗೆ ಹೋಗಲಿ ಎಂದು ಅಲ್ಲಿಲ್ಲ. ಪರೀಕ್ಷಿಸಿಕೊಂಡು ತಿನ್ನಲಿ ಎಂದಿದೆ.

ಹಾಗಾದರೆ ಕುಡಿದವರೂ ಜಗಳವಾಡಿದವರೂ ಹಾಗೆಯೇ ಬಂದು ಕೈ ಚಾಚಬಹುದೋ ಎಂದು ಕೆಲವು ಹಿರಿಯರು ನಮ್ಮನ್ನು ಕೇಳುವರು. ಶನಿವಾರದ ಬಟವಾಡೆ ಸಾರಾಯಿ ಅಂಗಡಿಗೆ ಹೋಗುವುದು ಮನೆಯ ಮಕ್ಕಳ ಅನ್ನ ಕಸಿಯುವ ಪಾಪ. ಅದನ್ನು ಈ ಪತ್ರಿಕೆ ಎಂದೂ ಮೃದುವಾಗಿ ಹೇಳಿಲ್ಲ, ಈಗಲೂ ಹೇಳುವುದಿಲ್ಲ. ಆದರೆ ಆ ಅಕ್ಕ ಹೇಳಿದ ನಾಲ್ಕು ಕಾರಣಗಳನ್ನು ಮತ್ತೆ ನೋಡಿರಿ. ಸ್ನಾನದ ನೀರು ಬಾರದ್ದು ಪಾಪವಲ್ಲ. ಹನ್ನೆರಡು ವರ್ಷ ರಕ್ತಸ್ರಾವದಿಂದ ನರಳಿದ ಹೆಂಗಸನ್ನು ಧರ್ಮಶಾಸ್ತ್ರ ಅಶುದ್ಧಳೆಂದಿತು. ಅವಳು ಗುಂಪಿನೊಳಗೆ ನುಗ್ಗಿ ಉಡುಪನ್ನು ಮುಟ್ಟಿದಾಗ ಸ್ವಾಮಿಯು ಅವಳನ್ನು ಮಗಳೇ ಎಂದು ಕರೆದನು (ಮಾರ್ಕ 5). ಚಂದಾ ಬಾಕಿ ಪಾಪವಲ್ಲ, ಅದು ಲೆಕ್ಕ. ಬಾಕಿದಾರರ ಹೆಸರನ್ನು ಆರಾಧನೆಯಲ್ಲಿ ಓದುವ ಪದ್ಧತಿ ಎರಡು ಮೂರು ಸಭೆಗಳಲ್ಲಿದೆ ಎಂದು ಕೇಳಿದ್ದೇವೆ. ಅದು ನಿಲ್ಲಬೇಕು. ಗಂಡ ಕುಡಿದದ್ದು ಅವನ ಪಾಪ, ಹೆಂಡತಿಯ ಪಾಪವಲ್ಲ. ಅವನ ತಪ್ಪಿಗೆ ಅವಳು ಯಾಕೆ ಎದ್ದು ಹೋಗಬೇಕು? ಅವನಾದರೂ ದೂರದಲ್ಲಿ ನಿಂತು ಎದೆ ಬಡಿದುಕೊಂಡ ಸುಂಕದವನ ಹಾಗೆ ಬಂದರೆ, ನೀತಿವಂತನೆಂದು ನಿರ್ಣಯ ಹೊಂದಿ ಮನೆಗೆ ಹೋದವನು ಆ ಸುಂಕದವನೇ ಎಂದು ಲೂಕ 18ರಲ್ಲಿದೆ. ಮೊದಲು ಒಳ್ಳೆಯವನಾಗಿ ಆಮೇಲೆ ಬಾ ಎಂದು ಅವನಿಗೆ ಯಾರೂ ಹೇಳಲಿಲ್ಲ.

ಉಳಿದದ್ದು ಜಗಳ. ಇದೊಂದನ್ನು ಯೇಸುಸ್ವಾಮಿ ಲಘುವಾಗಿ ಬಿಡಲಿಲ್ಲ. ಕಾಣಿಕೆಯನ್ನು ಯಜ್ಞವೇದಿಯ ಹತ್ತಿರ ತಂದಾಗ ಸಹೋದರನ ಮನಸ್ಸಿನಲ್ಲಿ ನಿನ್ನ ಮೇಲೆ ಏನೋ ಇದೆಯೆಂದು ನೆನಪಾದರೆ, ಕಾಣಿಕೆಯನ್ನು ಅಲ್ಲಿಯೇ ಬಿಟ್ಟು ಹೋಗಿ ಸಮಾಧಾನ ಮಾಡಿಕೊಂಡು ಬಾ ಎಂದನು (ಮತ್ತಾಯ 5). ಇಲ್ಲಿ ಎರಡು ಮಾತು ಗಮನಿಸಬೇಕು. ಕಾಣಿಕೆಯನ್ನು ಅಲ್ಲಿಯೇ ಬಿಡು ಎಂದನು, ಹೊತ್ತುಕೊಂಡು ಹೋಗು ಎನ್ನಲಿಲ್ಲ. ಹೋಗಿ ಬಾ ಎಂದನು, ಹೋಗು ಎಂದಷ್ಟೇ ಅಲ್ಲ. ನಮ್ಮವರು ಎದ್ದು ಹೋಗುತ್ತಾರೆ, ಸಮಾಧಾನಕ್ಕೂ ಹೋಗುವುದಿಲ್ಲ, ಹಿಂದಿರುಗಿಯೂ ಬರುವುದಿಲ್ಲ. ಹೀಗೆಯೇ ವರ್ಷಗಳು ಕಳೆಯುತ್ತವೆ. ಇನ್ನೊಂದು ಮಾತು: ಆ ಲೈನಿನಲ್ಲಿ 20ಕ್ಕೂ ಹೆಚ್ಚು ಮನೆಗಳಿಗೆ ಒಂದೇ ನಲ್ಲಿ, ಅದರಲ್ಲಿ ದಿನಕ್ಕೆ ಒಂದು ಗಂಟೆ ನೀರು. ಅಲ್ಲಿ ಇಬ್ಬರು ಹೆಂಗಸರು ಬಿಂದಿಗೆ ಹಿಡಿದು ಜಗಳವಾಡದಿದ್ದರೆ ಅದೇ ಅದ್ಭುತಕಾರ್ಯ. ಸಮಾಧಾನ ಮಾಡಿಸುವವರು ಆ ನಲ್ಲಿಯನ್ನೂ ನೋಡಬೇಕು.

ಗೋಡೆಯ ವಿಷಯಕ್ಕೆ ಮತ್ತೆ ಬರುತ್ತೇವೆ, ಏಕೆಂದರೆ ಅದು ಯೆರೂಸಲೇಮಿನಲ್ಲಿ ಮುಗಿದ ಕಥೆಯಲ್ಲ. ನಮ್ಮ ದಕ್ಷಿಣ ದೇಶದ ಸಭೆಗಳಲ್ಲಿ ಜಾತಿಗೊಂದು ಸಾಲು ಇತ್ತು, ಕರ್ತನ ಮೇಜಿಗೆ ಬರುವುದರಲ್ಲಿಯೂ ಮೊದಲು ಕೆಲವರು, ಆಮೇಲೆ ಕೆಲವರು. ಕಲ್ಕತ್ತೆಯ ಬಿಷಪ್ ಡೇನಿಯಲ್ ವಿಲ್ಸನ್ನರು 1833ರಲ್ಲಿ ಪತ್ರ ಬರೆದು ಈ ಭೇದವನ್ನು ಬಿಡಬೇಕೆಂದು ಕಟ್ಟುನಿಟ್ಟಾಗಿ ಅಪ್ಪಣೆ ಮಾಡಿದಾಗ, ಮದ್ರಾಸಿನ ವೇಪೇರಿಯಲ್ಲಿಯೂ ತಂಜಾವೂರಿನಲ್ಲಿಯೂ ಅನೇಕರು ಭೇದವನ್ನು ಬಿಡದೆ ಸಭೆಯನ್ನೇ ಬಿಟ್ಟರು. ತಿರುನೆಲ್ವೇಲಿ ಸೀಮೆಯ ವಡಕ್ಕನ್‌ಕುಳಂ ದೇವಾಲಯದಲ್ಲಿ ಒಂದೇ ಪೀಠದ ಮುಂದೆ ಎರಡು ಕಡೆಯ ಜನರು ಒಬ್ಬರನ್ನೊಬ್ಬರು ನೋಡದಂತೆ ನಡುವೆ ಗೋಡೆ ಇತ್ತು. ಅದನ್ನು ತೆಗೆದದ್ದು 1910ರ ಸುಮಾರಿಗೆ. ಅಂದರೆ ತೆರೆ ಹರಿದು ಸಾವಿರದ ಎಂಟುನೂರು ವರ್ಷಗಳಿಗೂ ಹೆಚ್ಚು ಕಾಲವಾದ ಮೇಲೆ.

ನಮ್ಮಲ್ಲಿ ಗೋಡೆ ಇಲ್ಲ. ಆದರೆ ಮುಂದಿನ ಸಾಲಿನಲ್ಲಿ ನಾಲ್ಕು ಕುರ್ಚಿಗಳಿವೆ. ಅವುಗಳಲ್ಲಿ ಯಾರು ಕೂರಬೇಕೆಂದು ಯಾರೂ ಬರೆದು ಹಾಕಿಲ್ಲ, ಆದರೂ ಎಲ್ಲರಿಗೂ ಗೊತ್ತು. ಚಿನ್ನದ ಉಂಗುರ ಹಾಕಿದವನಿಗೆ ಒಳ್ಳೆಯ ಜಾಗ ತೋರಿಸಿ ಬಡವನಿಗೆ ಅಲ್ಲಿ ನಿಲ್ಲು ಎನ್ನುವವರ ವಿಷಯದಲ್ಲಿ ಯಾಕೋಬನು ಬರೆದದ್ದನ್ನು (2ನೆಯ ಅಧ್ಯಾಯ) ನಾವು ಆ ಕುರ್ಚಿಗಳ ಎದುರಿನಲ್ಲಿಯೇ ಓದುತ್ತೇವೆ. ಮತ್ತೊಂದನ್ನು ಹೇಳಲು ನಾಚಿಕೆಯಾಗುತ್ತದೆ. ಈಚಿನ ವರ್ಷಗಳಲ್ಲಿ ನೀಲಗಿರಿ, ವಯನಾಡು ಕಡೆಯ ಎಸ್ಟೇಟುಗಳಿಗೆ ಜಾರ್ಖಂಡ್, ಅಸ್ಸಾಂ ಕಡೆಯಿಂದ ಕೆಲಸಕ್ಕೆ ಜನ ಬರುತ್ತಿದ್ದಾರೆ. ಜಾರ್ಖಂಡಿನವರಲ್ಲಿ ಅನೇಕರು ಕ್ರೈಸ್ತರು, ಅಜ್ಜ ಮುತ್ತಜ್ಜಂದಿರ ಕಾಲದಿಂದ ವಿಶ್ವಾಸಿಗಳು. ನಮ್ಮ ಭಾಷೆ ಅವರಿಗೆ ಬಾರದು. ನಾಲ್ಕೈದು ಯುವಕರು ಪ್ರತಿ ಭಾನುವಾರ ಬಾಗಿಲ ಹೊರಗಿನ ಜಗಲಿಯಲ್ಲಿ ನಿಂತು ಕೀರ್ತನೆಯ ರಾಗವನ್ನು ಮಾತ್ರ ಗುನುಗುತ್ತಾರೆ. ಒಳಗೆ ಬನ್ನಿರಿ ಎಂದು ಕೈಸನ್ನೆ ಮಾಡಿದವರು ಎಷ್ಟು ಜನ? ನಮ್ಮ ತಾತಂದಿರು ಬೆಟ್ಟ ಹತ್ತಿ ಬಂದಾಗ ಭಾಷೆ ಬಾರದೆ ಹೀಗೆಯೇ ಯಾರದೋ ಜಗಲಿಯಲ್ಲಿ ನಿಂತಿದ್ದರು.

ದೇವರ ಸನ್ನಿಧಿಯನ್ನು ಸೇರುವುದೆಂದರೆ ಕಣ್ಣು ಮುಚ್ಚಿ ಒಬ್ಬೊಬ್ಬರೇ ಮೇಲಕ್ಕೆ ಏರುವುದೆಂದು ಕೆಲವು ಪುಸ್ತಕಗಳಲ್ಲಿ ಬರೆಯುತ್ತಾರೆ. ಏಕಾಂತ ಪ್ರಾರ್ಥನೆ ಬೇಕು. ಎಲೆ ಕೀಳುತ್ತಾ ತುಟಿಯಲ್ಲಿಯೇ ಪ್ರಾರ್ಥಿಸುವ ತಾಯಂದಿರನ್ನು ನಾವು ಬಲ್ಲೆವು, ಅವರಿಂದ ನಾವು ಕಲಿತಿದ್ದೇವೆ. ಆದರೂ ಇಬ್ರಿಯರ ಪತ್ರಿಕೆ ಹೇಳುವುದು 'ಬರೋಣ' ಎಂದು, 'ಬಾ' ಎಂದಲ್ಲ. ಅದೇ ಅಧ್ಯಾಯದಲ್ಲಿ ಮೂರು ವಚನ ಕೆಳಗೆ, ಸಭೆಯಾಗಿ ಕೂಡಿಕೊಳ್ಳುವುದನ್ನು ಬಿಟ್ಟುಬಿಡಬೇಡಿರಿ ಎಂದಿದೆ.

ಸಭಾ ಕಮಿಟಿಗೆ ನಾವು ಬರೆದುಕೊಟ್ಟಿದ್ದೇವೆ. ಸೀಸನ್ ಮುಗಿಯುವ ತನಕ ಕರ್ತನ ಭೋಜನದ ಆರಾಧನೆಯನ್ನು ಬೆಳಿಗ್ಗೆ 9ಕ್ಕೆ ಬದಲು ಸಂಜೆ 5ಕ್ಕೆ ಇಡಬೇಕು. ಎಲೆ ತೂಕ ಮುಗಿಸಿ ಮೇಲಿನ ಲೈನಿನಿಂದ ಇಳಿದು ಬರುವ ಕೊನೆಯವರು ಸೇರುವ ತನಕ ಮೇಜಿನ ಬಟ್ಟೆ ತೆಗೆಯಬಾರದು. ಕಾಲಿಗೆ ಅಂಟಿದ ಮಣ್ಣು ತೊಳೆಯಲು ಬಾಗಿಲ ಬಳಿ ಒಂದು ಡ್ರಮ್ಮು ನೀರು ಇರಲಿ. ತೊಳೆಯದೆ ಬಂದರೂ ಯಾರೂ ಮುಖ ಸಿಂಡರಿಸಬಾರದು. ಕುರ್ಚಿಗಳನ್ನು ಕಾಲು ನೋವಿನ ಅಜ್ಜ ಅಜ್ಜಿಯರಿಗೆ ಕೊಡಿರಿ. ಜಗಲಿಯ ಯುವಕರಿಗಾಗಿ ಪಾಠದ ಒಂದು ಭಾಗವನ್ನು ಹಿಂದಿಯಲ್ಲಿ ಓದಲು ಶಾಲೆಗೆ ಹೋಗುವ ನಮ್ಮ ಮಕ್ಕಳಲ್ಲಿ ಇಬ್ಬರು ಒಪ್ಪಿಕೊಂಡಿದ್ದಾರೆ. ಕಮಿಟಿಯಲ್ಲಿ ಒಬ್ಬರು, ಸಂಜೆಯ ಹೊತ್ತು ಆನೆ ಬರುತ್ತದಲ್ಲಾ ಎಂದರು. ಅದು ನಿಜವಾದ ಮಾತು. ಟಾರ್ಚು ಹಿಡಿದು ಗುಂಪಾಗಿ ಮನೆಗೆ ತಲುಪಿಸಲು ಪ್ರತಿ ಲೈನಿನಿಂದ ಇಬ್ಬರು ಗಂಡಸರು ಹೆಸರು ಕೊಡಬೇಕು. ಇಲ್ಲಿಯವರೆಗೆ ಐದು ಹೆಸರು ಬಂದಿವೆ.

ನಲ್ಲಿಯ ಹತ್ತಿರ ಮಾತು ಬಿಟ್ಟಿದ್ದ ಆ ಇಬ್ಬರು ಅಕ್ಕಂದಿರು ಹೋದ ಬುಧವಾರದ ಮನೆಕೂಟದಲ್ಲಿ ಒಂದೇ ಚಾಪೆಯಲ್ಲಿ ಕುಳಿತಿದ್ದರು. ನೀರು ಇನ್ನೂ ದಿನಕ್ಕೆ ಒಂದೇ ಗಂಟೆ ಬರುತ್ತಿದೆ. ಎರಡನೆಯ ನಲ್ಲಿ ಹಾಕಿಸಬೇಕೆಂಬ ಅರ್ಜಿ ಅಕ್ಕಂದಿರ ಮನೆಯಲ್ಲಿಯೇ ಇದೆ. ಆ ಲೈನಿನ ಎಲ್ಲಾ ಮನೆಯವರೂ ಶನಿವಾರದ ಒಳಗೆ ಸಹಿ ಹಾಕಿರಿ. ಸೋಮವಾರ ಬೆಳಿಗ್ಗೆ ಅದನ್ನು ಆಫೀಸಿಗೆ ಅವರಿಬ್ಬರೇ ತೆಗೆದುಕೊಂಡು ಹೋಗುತ್ತಾರೆ.